ಸೂಟ್‌ಕೇಸ್ ಹೋಯಿತು, ಸಹಿ ಉಳಿಯಿತು

ಮೂರು ಜನ ಗೆಳೆಯರು ಸೇರಿ ಒಂದು ಮನೆ ಹಿಡಿದಿದ್ದಾರೆ ಅಂದುಕೊಳ್ಳಿ. ಒಬ್ಬನಿಗೆ ದೊಡ್ಡ ರೂಮು, ಇನ್ನೊಬ್ಬನಿಗೆ ಚಿಕ್ಕ ರೂಮು, ಮೂರನೆಯವನು ಹಾಲ್‌ನಲ್ಲಿ ಮಲಗುತ್ತಾನೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ತಿಂಗಳ ಬಾಡಿಗೆ 90 ಅಂತ ಇಟ್ಟುಕೊಳ್ಳೋಣ. ದೊಡ್ಡ ರೂಮಿನವನು 40 ಕೊಡುತ್ತಾನೆ, ಚಿಕ್ಕ ರೂಮಿನವನು 30, ಹಾಲ್‌ನವನು 20. ಅಗ್ರಿಮೆಂಟ್ ಒಂದು ವರ್ಷಕ್ಕೆ, ಒಂದೇ ಕಾಗದ, ಮೂವರದ್ದೂ ಸಹಿ ಇದೆ. ಐದನೇ ತಿಂಗಳಲ್ಲಿ ದೊಡ್ಡ ರೂಮಿನವನಿಗೆ ಬೇರೆ ಊರಲ್ಲಿ ಕೆಲಸ ಸಿಗುತ್ತದೆ. ಗ್ರೂಪಿಗೆ ಒಂದು ಮೆಸೇಜ್ ಹಾಕುತ್ತಾನೆ: "ತಿಂಗಳ ಕೊನೆಗೆ ಹೊರಡ್ತಿದ್ದೀನಿ ಕಣ್ರೋ." ಉಳಿದಿಬ್ಬರೂ ಖುಷಿಪಟ್ಟು ಕಳಿಸಿಕೊಡುತ್ತಾರೆ. ಸೂಟ್‌ಕೇಸ್ ಆಟೋದಲ್ಲಿ ಹೋಗುತ್ತದೆ. ಮುಂದಿನ ತಿಂಗಳು ಆ 40 ಯಾರು ಕೊಡಬೇಕು?

ಈ ಪ್ರಶ್ನೆಗೆ ಕೈ ಎತ್ತಿ ಅಂದಾಗ ನಿಮ್ಮಲ್ಲಿ ಕೆಲವರು "ಹೋದವನೇ ಕೊಡಬೇಕು" ಅಂದಿರಿ, ಕೆಲವರು "ಇರೋವರು ಕೊಡಬೇಕು" ಅಂದಿರಿ. ಹಿಂದಿನ ಸಾಲಿನಲ್ಲಿ ಒಬ್ಬರು "ಅದು ಓನರ್ ನಷ್ಟ" ಅಂದರು. ಓನರ್ ನಷ್ಟ ಅಂತೂ ಅಲ್ಲ. ಉಳಿದ ಎರಡೂ ಉತ್ತರ ಸರಿ, ಎರಡೂ ಅರ್ಧ ಸರಿ. ಓನರ್ ಮುಂದೆ ನಿಂತಾಗ ಒಂದು ಉತ್ತರ, ನಿಮ್ಮ ನಿಮ್ಮಲ್ಲೇ ಕೂತಾಗ ಇನ್ನೊಂದು ಉತ್ತರ. ಇವೆರಡನ್ನೂ ಕಲಸಿಬಿಡೋದರಿಂದಲೇ ಜಗಳ ಶುರುವಾಗುತ್ತದೆ. ಅದಕ್ಕೇ ಇವತ್ತು ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಣ.

ಮೊದಲು ಓನರ್ ಕಡೆಯದು. ಮೂವರೂ ಒಂದೇ ಅಗ್ರಿಮೆಂಟಿಗೆ ಸಹಿ ಹಾಕಿದಾಗ ಸಾಮಾನ್ಯವಾಗಿ ಮೂವರೂ ಸೇರಿ ಇಡೀ ಬಾಡಿಗೆಗೆ ಹೊಣೆಯಾಗುತ್ತಾರೆ, ಜೊತೆಗೆ ಒಬ್ಬೊಬ್ಬರೂ ಇಡೀ ಬಾಡಿಗೆಗೆ ಹೊಣೆಯಾಗುತ್ತಾರೆ. ವಕೀಲರು ಇದನ್ನು ಜಂಟಿ ಮತ್ತು ಪ್ರತ್ಯೇಕ ಹೊಣೆ ಅನ್ನುತ್ತಾರೆ. ಅಂದರೆ ಓನರ್‌ಗೆ 90 ಬರಬೇಕು. ಅದನ್ನು ಮೂವರ ಹತ್ತಿರ ಕೇಳಬಹುದು, ಇಬ್ಬರ ಹತ್ತಿರ ಕೇಳಬಹುದು, ಹಾಲ್‌ನಲ್ಲಿ ಮಲಗುವವನೊಬ್ಬನ ಹತ್ತಿರವೇ ಪೂರ್ತಿ ಕೇಳಬಹುದು. "ಸಾರ್, ನನ್ನ ಪಾಲು 20 ಕೊಟ್ಟಿದ್ದೀನಲ್ಲ" ಅನ್ನೋ ಮಾತು ಅಲ್ಲಿ ನಡೆಯುವುದಿಲ್ಲ. 40, 30, 20 ಅನ್ನೋದು ನೀವು ನೀವು ಮಾಡಿಕೊಂಡ ಲೆಕ್ಕ. ಆ ಅಗ್ರಿಮೆಂಟಿನಲ್ಲಿ ಅದು ಬರೆದೇ ಇಲ್ಲ.

ಇದು ಯಾವುದೋ ಒಬ್ಬ ಓನರ್‌ನ ಜಬರ್ದಸ್ತಿ ಅಂದುಕೊಳ್ಳಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಹಲವರು ಸೇರಿ ಮಾತು ಕೊಟ್ಟಿದ್ದರೆ, ಬೇರೆ ಥರ ಬರೆದುಕೊಳ್ಳದೇ ಹೋದರೆ, ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ವಸೂಲಿ ಮಾಡಬಹುದು. ಹಾಗೆ ಪೂರ್ತಿ ಕೊಟ್ಟವರು ಉಳಿದವರಿಂದ ಅವರವರ ಪಾಲು ಕೇಳಬಹುದು. ಒಬ್ಬನಿಂದ ಏನೂ ಹುಟ್ಟುವುದಿಲ್ಲ ಅಂತಾದರೆ ಆ ನಷ್ಟವನ್ನು ಉಳಿದವರು ಸಮನಾಗಿ ಹೊರಬೇಕು. ನಮ್ಮ ಉದಾಹರಣೆಯಲ್ಲಿ ಹೋದವನು ಕೈಗೆ ಸಿಗಲೇ ಇಲ್ಲ ಅಂದರೆ ಅವನ 40ರಲ್ಲಿ ಉಳಿದಿಬ್ಬರ ತಲೆಗೆ ತಲಾ 20 ಹೆಚ್ಚಿಗೆ ಬೀಳುತ್ತದೆ. ಹಾಲ್‌ನಲ್ಲಿ ಮಲಗಿ 20 ಕೊಡುತ್ತಿದ್ದ ಹುಡುಗನಿಗೆ 40! ಬೇರೆ ದೇಶಗಳಲ್ಲೂ ಪದ ಬೇರೆ ಇರಬಹುದು, ವಿಷಯ ಹೆಚ್ಚುಕಡಿಮೆ ಇದೇ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ತುಂಬ ಜನ ಗಮನಿಸೋದಿಲ್ಲ. ಆ ಸೆಕ್ಷನ್ ಪ್ರಕಾರ ನಿಮ್ಮ ನಿಮ್ಮಲ್ಲಿ ಪಾಲು ಎಷ್ಟು? ನೀವು ಬೇರೆ ಒಪ್ಪಂದ ಮಾಡಿಕೊಂಡಿಲ್ಲ ಅಂದರೆ ಸಮಪಾಲು. 40, 30, 20 ಅಂತ ಬಾಯಲ್ಲಿ ಮಾತಾಡಿಕೊಂಡು, ನಾಳೆ ಜಗಳ ಆದಾಗ "ಮೂವರಿಗೂ 30 ಅಲ್ವಾ" ಅಂತ ಒಬ್ಬ ಹಟ ಹಿಡಿದರೆ, ನಿಮ್ಮ ಹತ್ತಿರ ತೋರಿಸೋಕೆ ಏನಾದರೂ ಇರಬೇಕು. ಪ್ರತಿ ತಿಂಗಳು ಕಳಿಸಿದ ದುಡ್ಡಿನ ದಾಖಲೆ ಆಗಬಹುದು, ಹಳೇ ಮೆಸೇಜ್ ಆಗಬಹುದು. ಎಲ್ಲಕ್ಕಿಂತ ಒಳ್ಳೆಯದು ಒಂದು ಅರ್ಧ ಪುಟದ ಕಾಗದ.

ನಾನು ಇದನ್ನೆಲ್ಲ ಓದಿ ಕಲಿತವನಲ್ಲ. ಬಿಟ್ಟು ಹೋದವನು ನಾನೇ. ಮೂರು ಜನ ಇದ್ದೆವು. ಅಗ್ರಿಮೆಂಟಿನಲ್ಲಿ ನನ್ನ ಹೆಸರು ಮೊದಲನೆಯದು. ಕೆಲಸ ಬದಲಾಯಿತು, ಹೊರಟೆ. ನನ್ನ ಜಾಗಕ್ಕೆ ಒಬ್ಬನನ್ನು ಹುಡುಕಿ ಕೊಟ್ಟೆ, ಅವನಿಂದ ನನ್ನ ಡಿಪಾಸಿಟ್ ಪಾಲು ತೆಗೆದುಕೊಂಡೆ, ಗೆಳೆಯರಿಗೆ ಹೇಳಿದೆ. ಎಲ್ಲಾ ಸರಿಯಾಗಿ ಮಾಡಿದ್ದೀನಿ ಅಂತಲೇ ನಂಬಿದ್ದೆ. ಓನರ್‌ಗೆ ಒಂದು ಮಾತು ಹೇಳಿರಲಿಲ್ಲ, ಯಾಕೆಂದರೆ ಬಾಡಿಗೆ ಅವರ ಅಕೌಂಟಿಗೆ ಹೋಗುತ್ತಿತ್ತು, ಅವರು ಮನೆ ಕಡೆ ಬರುತ್ತಿರಲಿಲ್ಲ. ಏಳು ತಿಂಗಳಾದ ಮೇಲೆ ಒಂದು ಸಂಜೆ ಅವರ ಫೋನ್ ಬಂತು. ಎರಡು ತಿಂಗಳ ಬಾಡಿಗೆ ಬಾಕಿ, ಹುಡುಗರು ಫೋನ್ ಎತ್ತುತ್ತಿಲ್ಲ, ಹೆಸರು ನಿಮ್ಮದಿದೆ, ಏನು ಮಾಡ್ತೀರಿ ಅಂದರು. ನಾನು "ಸಾರ್, ನಾನು ಬಿಟ್ಟು ಏಳು ತಿಂಗಳಾಯ್ತು" ಅಂದೆ. ಅವರು ಕೂಗಾಡಲಿಲ್ಲ. "ನನಗೆ ಯಾರೂ ಹೇಳಲಿಲ್ಲವಲ್ಲಪ್ಪ" ಅಂದರು, ಅಷ್ಟೇ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಕಿ ಕಟ್ಟಿದೆ. ಇಬ್ಬರು ಗೆಳೆಯರಲ್ಲಿ ಒಬ್ಬ ಆಮೇಲೆ ತನ್ನ ಪಾಲು ಕೊಟ್ಟ. ಇನ್ನೊಬ್ಬನ ಜೊತೆ ಈಗ ಮಾತಿಲ್ಲ. ದುಡ್ಡು ಹೋಗಿದ್ದು ಮರೆತಿದ್ದೇನೆ, ಅವನ ಜೊತೆ ಮಾತು ನಿಂತಿದ್ದು ಮರೆತಿಲ್ಲ.

ನಾನು ಎಲ್ಲಿ ತಪ್ಪಿದೆ? ನನ್ನ ಜಾಗಕ್ಕೆ ಒಬ್ಬ ಬಂದು ಮಲಗಿದ ಕೂಡಲೇ ನನ್ನ ಹೊಣೆಯೂ ಅವನಿಗೆ ಹೋಯಿತು ಅಂದುಕೊಂಡೆ. ಅದು ಹಾಗೆ ತಾನಾಗಿ ಹೋಗುವುದಿಲ್ಲ. ಇದರಲ್ಲಿ ಮೂರು ಬಗೆ ಇದೆ. ನೀವು ಒಬ್ಬರನ್ನು ನಿಮ್ಮ ರೂಮಿನಲ್ಲಿ ಕೂರಿಸಿ ಅವರಿಂದ ದುಡ್ಡು ತೆಗೆದುಕೊಂಡರೆ ಅದು ಒಳಬಾಡಿಗೆ. ಓನರ್ ಕಣ್ಣಿಗೆ ಬಾಡಿಗೆದಾರ ಇನ್ನೂ ನೀವೇ. ಹೊಸಬ ಕೊಡದಿದ್ದರೆ ನೀವು ಕೊಡಬೇಕು, ಹೊಸಬ ಬಾಗಿಲು ಮುರಿದರೆ ಅದೂ ನಿಮ್ಮ ತಲೆಗೆ. ಜೊತೆಗೆ ಬಹಳಷ್ಟು ಅಗ್ರಿಮೆಂಟುಗಳಲ್ಲಿ ಒಳಬಾಡಿಗೆ ಕೊಡಕೂಡದು ಅಂತ ಒಂದು ಸಾಲು ಇದ್ದೇ ಇರುತ್ತದೆ, ಅದನ್ನು ಮುರಿದರೆ ಎಲ್ಲರನ್ನೂ ಖಾಲಿ ಮಾಡಿಸೋಕೆ ಅದೇ ಕಾರಣ ಸಾಕು. ಎರಡನೆಯದು ನಿಮ್ಮ ಹಕ್ಕನ್ನು ಹೊಸಬನಿಗೆ ವರ್ಗ ಮಾಡೋದು. ಅಲ್ಲೂ ಓನರ್ ನಿಮ್ಮನ್ನು ಸ್ಪಷ್ಟವಾಗಿ ಬಿಡುಗಡೆ ಮಾಡದಿದ್ದರೆ ನಿಮ್ಮ ಹೊಣೆ ಹಿಂದೆಯೇ ಉಳಿಯಬಹುದು. ಮೂರನೆಯದು ಹಳೇ ಅಗ್ರಿಮೆಂಟಿನ ಜಾಗದಲ್ಲಿ ಹೊಸ ಅಗ್ರಿಮೆಂಟ್. ನಿಮ್ಮ ಹೆಸರು ಹೊರಗೆ, ಹೊಸಬನ ಹೆಸರು ಒಳಗೆ, ಓನರ್ ಮತ್ತು ಎಲ್ಲಾ ರೂಮ್‌ಮೇಟ್‌ಗಳ ಸಹಿ. ಬಿಟ್ಟು ಹೋಗುವವರಿಗೆ ನಿಜವಾಗಿ ನೆಮ್ಮದಿ ಕೊಡೋದು ಈ ಮೂರನೆಯದು. ಸ್ವಲ್ಪ ಓಡಾಟ ಇದೆ, ಖರ್ಚೂ ಇರಬಹುದು. ಆದರೂ ಅದನ್ನೇ ಮಾಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಓನರ್ ಒಪ್ಪಲಿಲ್ಲ ಅಂದರೆ? ಒಪ್ಪಲೇಬೇಕು ಅಂತ ಎಲ್ಲ ಕಡೆ ಇಲ್ಲ. ನಿಮ್ಮ ಮೂವರ ಸಂಬಳ ನೋಡಿ ಮನೆ ಕೊಟ್ಟವರು, ಈಗ ಇಬ್ಬರೇ ಉಳಿಯುತ್ತಾರೆ ಅಂದರೆ ಹಿಂದೆಮುಂದೆ ನೋಡೋದು ಸಹಜ. ಅದಕ್ಕೇ ಓನರ್ ಹತ್ತಿರ ಬರೀ ಸಮಸ್ಯೆ ಹೊತ್ತುಕೊಂಡು ಹೋಗಬೇಡಿ. "ನಾನು ಹೊರಡುತ್ತಿದ್ದೇನೆ, ಇವರು ಬರುತ್ತಾರೆ, ಇವರ ಕೆಲಸ ಇದು, ಹಳೇ ಓನರ್ ನಂಬರ್ ಇದು, ಒಮ್ಮೆ ನೋಡಿ" ಅಂತ ಹೊಸಬನನ್ನು ಕರೆದುಕೊಂಡೇ ಹೋಗಿ. ನಾನು ನೋಡಿದ ಮಟ್ಟಿಗೆ ಹೀಗೆ ಹೋದವರಿಗೆ ಬಾಗಿಲು ತೆರೆದದ್ದೇ ಜಾಸ್ತಿ. ಹೊಸಬನನ್ನು ಆರಿಸುವಾಗ ಉಳಿಯುವವರ ಒಪ್ಪಿಗೆಯೂ ಬೇಕು, ಇದನ್ನು ಒತ್ತಿ ಹೇಳುತ್ತಿದ್ದೇನೆ. ಹೋಗುವವನಿಗೆ ಅವಸರ, ಯಾರಾದರೂ ಸರಿ ಅನ್ನಿಸುತ್ತದೆ. ಆದರೆ ಅವನ ಜೊತೆ ಅಡುಗೆಮನೆ, ಬಚ್ಚಲು ಹಂಚಿಕೊಂಡು ಬದುಕೋದು ಉಳಿದವರು. ಹಾಗಂತ ಉಳಿಯುವವರು ಬಂದವರನ್ನೆಲ್ಲ ಸುಮ್ನೆ ಬೇಡ ಬೇಡ ಅಂತ ಕಳಿಸಿ, ಹೋದವನಿಂದ ತಿಂಗಳು ತಿಂಗಳು ದುಡ್ಡು ತೆಗೆದುಕೊಳ್ಳುತ್ತಾ ಇರೋದೂ ನ್ಯಾಯ ಅಲ್ಲ. ಇಷ್ಟು ದಿನದೊಳಗೆ ಆರಿಸಬೇಕು, ಇಷ್ಟು ಜನರನ್ನು ನೋಡಬಹುದು ಅಂತ ಮೊದಲೇ ಮಾತಾಡಿಕೊಳ್ಳಿ.

ಹೋಗುವವನೊಬ್ಬನೇ ನೋಟಿಸ್ ಕೊಟ್ಟರೆ ಏನಾಗುತ್ತದೆ ಅಂತ ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಇದು ನಿಜಕ್ಕೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ 1991ರಲ್ಲಿ, ಆಗ ಅಲ್ಲಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಂದು ತೀರ್ಪು ಕೊಟ್ಟಿತು. ಜಂಟಿ ಬಾಡಿಗೆದಾರರಾಗಿದ್ದ ಇಬ್ಬರಲ್ಲಿ ಒಬ್ಬಾಕೆ ಇನ್ನೊಬ್ಬನ ಒಪ್ಪಿಗೆ ಇಲ್ಲದೆ ನೋಟಿಸ್ ಕೊಟ್ಟಿದ್ದಳು. ಅವಧಿ ಗೊತ್ತುಮಾಡದೆ ವಾರದಿಂದ ವಾರಕ್ಕೆ, ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ ಆದರೆ ಒಬ್ಬರ ನೋಟಿಸಿನಿಂದಲೇ ಇಬ್ಬರ ಬಾಡಿಗೆಯೂ ಮುಗಿಯುತ್ತದೆ ಅಂತ ಕೋರ್ಟು ಹೇಳಿತು. ಅಂದರೆ ಉಳಿಯಬೇಕು ಅಂದುಕೊಂಡವನ ಕಾಲಡಿಯ ನೆಲವೇ ಹೋಯಿತು. ಜರ್ಮನಿಯಲ್ಲಿ ಇದಕ್ಕೆ ತದ್ವಿರುದ್ಧ. ಎಲ್ಲರೂ ಸೇರಿ ಒಂದೇ ಅಗ್ರಿಮೆಂಟಿಗೆ ಸಹಿ ಹಾಕಿದ್ದರೆ ನೋಟಿಸನ್ನೂ ಎಲ್ಲರೂ ಸೇರಿಯೇ ಕೊಡಬೇಕು, ಒಬ್ಬನದ್ದು ನಡೆಯುವುದಿಲ್ಲ. ಫ್ರಾನ್ಸಿನ ಕಾನೂನು ನನಗೆ ಇಷ್ಟ. ಅಲ್ಲಿ ಒಬ್ಬ ರೂಮ್‌ಮೇಟ್ ಸರಿಯಾಗಿ ನೋಟಿಸ್ ಕೊಟ್ಟು ಹೋದರೆ, ಅವನ ಜಾಗಕ್ಕೆ ಹೊಸಬ ಅಗ್ರಿಮೆಂಟಿನಲ್ಲಿ ಸೇರಿದ ಕೂಡಲೇ ಹೋದವನ ಜಂಟಿ ಹೊಣೆ ಮುಗಿಯುತ್ತದೆ. ಯಾರೂ ಸೇರಲಿಲ್ಲ ಅಂದರೂ ನೋಟಿಸ್ ಅವಧಿ ಮುಗಿದು 6 ತಿಂಗಳಿಗೆ ಮುಗಿಯುತ್ತದೆ. ಹೋದವನಿಗೂ ಒಂದು ಕೊನೆ ದಿನ ಗೊತ್ತು, ಉಳಿದವರಿಗೂ ಗೊತ್ತು. ಕಾನೂನು ಹೀಗೆ ಗಡುವು ಹಾಕದ ಕಡೆ ನೀವೇ ಒಂದು ಗಡುವು ಬರೆದುಕೊಳ್ಳಬಹುದು ಅನ್ನೋದಕ್ಕೆ ಇದನ್ನು ಹೇಳಿದೆ.

ಆದ್ದರಿಂದ ನೋಟಿಸ್ ಕೊಡುವ ಮೊದಲು ಅಗ್ರಿಮೆಂಟ್ ತೆಗೆದು ಎರಡು ವಿಷಯ ನೋಡಿ. ಅವಧಿ ಇನ್ನೂ ಇದೆಯಾ, ಅಥವಾ ಮುಗಿದು ಸುಮ್ನೆ ತಿಂಗಳಿಂದ ತಿಂಗಳಿಗೆ ನಡೆಯುತ್ತಿದೆಯಾ? ಮಧ್ಯದಲ್ಲಿ ಬಿಟ್ಟರೆ ಏನು ಅಂತ ಏನಾದರೂ ಬರೆದಿದೆಯಾ? ಕೆಲವು ಕಡೆ ಇಷ್ಟು ತಿಂಗಳು ಯಾರೂ ಬಿಡುವ ಹಾಗಿಲ್ಲ ಅಂತ ಇರುತ್ತದೆ. ಎಲ್ಲರದ್ದೂ ಒಂದೇ ಅಗ್ರಿಮೆಂಟ್ ಅಲ್ಲದೆ ಒಂದೊಂದು ರೂಮಿಗೆ ಬೇರೆ ಬೇರೆ ಅಗ್ರಿಮೆಂಟ್ ಇದ್ದರೆ ಈ ತಲೆನೋವೇ ಇಲ್ಲ, ನಿಮ್ಮ ರೂಮಿನ ಲೆಕ್ಕ ನಿಮ್ಮದು. ಒಬ್ಬನ ಹೆಸರಲ್ಲಿ ಮಾತ್ರ ಅಗ್ರಿಮೆಂಟ್ ಇದ್ದು ಉಳಿದವರು ಅವನಿಗೆ ದುಡ್ಡು ಕೊಡುತ್ತಿದ್ದರೆ ಕಥೆ ಬೇರೆ. ಆ ಒಬ್ಬ ಹೊರಟರೆ ಉಳಿದವರಿಗೆ ಓನರ್ ಮುಂದೆ ನಿಲ್ಲೋಕೆ ಗಟ್ಟಿ ಜಾಗವೇ ಇಲ್ಲದೆ ಹೋಗಬಹುದು. ಹಾಗಿದ್ದವರು ಅವನು ಹೊರಡುವ ಮೊದಲೇ ಓನರ್ ಜೊತೆ ತಮ್ಮ ಹೆಸರಲ್ಲಿ ಮಾತಾಡಿಕೊಳ್ಳಬೇಕು.

ಇನ್ನು ಡಿಪಾಸಿಟ್. ಅತಿ ಹೆಚ್ಚು ಮನಸ್ತಾಪ ಆಗೋದು ಇಲ್ಲೇ. ಹೋಗುವವನು ಓನರ್‌ಗೆ ಫೋನ್ ಮಾಡಿ "ನನ್ನ ಪಾಲು ಕೊಡಿ" ಅನ್ನುತ್ತಾನೆ. ಓನರ್ "ಮನೆ ಖಾಲಿ ಮಾಡಿದಾಗ ಕೊಡುತ್ತೇನೆ" ಅನ್ನುತ್ತಾರೆ. ಅವರ ಮಾತಿನಲ್ಲಿ ಅರ್ಥ ಇದೆ. ಡಿಪಾಸಿಟ್ ಇರೋದು ಇಡೀ ಮನೆಗೆ, ಇಡೀ ಅವಧಿಗೆ. ಮನೆಯಲ್ಲಿ ಇನ್ನೂ ಜನ ಇದ್ದಾರೆ, ಕೊನೆಯಲ್ಲಿ ಗೋಡೆ, ನಲ್ಲಿ, ಕಿಟಕಿ ನೋಡಿ ಲೆಕ್ಕ ಮಾಡೋದು. ಹಾಗಾಗಿ ಹೋಗುವವನಿಗೆ ದುಡ್ಡು ಸಿಗೋದು ಸಾಮಾನ್ಯವಾಗಿ ಹೊಸಬನಿಂದ, ಇಲ್ಲವೇ ಉಳಿದವರಿಂದ. ಆಗ ಒಂದು ಕೆಲಸ ಮಾಡಲೇಬೇಕು. ಅವನು ಹೊರಡುವ ದಿನ ಎಲ್ಲರೂ ಸೇರಿ ಮನೆಯನ್ನು ಒಂದು ಸುತ್ತು ನೋಡಿ. ಫೋನಿನಲ್ಲಿ ಫೋಟೊ ತೆಗೆಯಿರಿ, ರೂಮಿನ ನಾಲ್ಕೂ ಗೋಡೆ, ಹಾಸಿಗೆ ಇದ್ದ ಜಾಗ, ಬೀರುವಿನ ಒಳಗೆ, ಬಚ್ಚಲು. ದೊಡ್ಡ ರೂಮಿನ ಬಾಗಿಲಿನ ಚಿಲಕ ಅವನ ಕಾಲದಲ್ಲಿ ಮುರಿದದ್ದಾದರೆ ಅದರ ದುಡ್ಡು ಈಗಲೇ ಅವನ ಪಾಲಿನಿಂದ ಕಳೆಯಿರಿ. ಇದನ್ನು ಬಿಟ್ಟರೆ ಏನಾಗುತ್ತದೆ ಗೊತ್ತಾ? ಹೊಸಬ ಪೂರ್ತಿ ಪಾಲು ಕೊಟ್ಟು ಬಂದಿರುತ್ತಾನೆ, ವರ್ಷದ ಕೊನೆಗೆ ಓನರ್ ಚಿಲಕಕ್ಕೆ ದುಡ್ಡು ಹಿಡಿಯುತ್ತಾರೆ, ತಾನು ಮುಟ್ಟದ ಚಿಲಕಕ್ಕೆ ಆ ಹುಡುಗ ದುಡ್ಡು ತೆರುತ್ತಾನೆ. ಡಿಪಾಸಿಟ್ ಕೈ ಬದಲಾಯಿಸಿದ್ದು ಓನರ್‌ಗೂ ಬರಹದಲ್ಲಿ ತಿಳಿಸಿ. ಇಲ್ಲದಿದ್ದರೆ ಕೊನೆಯಲ್ಲಿ ಅವರು ಅಗ್ರಿಮೆಂಟಿನಲ್ಲಿರುವ ಹಳೇ ಹೆಸರಿಗೇ ದುಡ್ಡು ಕಳಿಸಿಬಿಡಬಹುದು, ಅದು ಅವರ ತಪ್ಪೂ ಅಲ್ಲ.

ಬಿಲ್ಲುಗಳದ್ದು ಬೇಗ ಹೇಳಿ ಮುಗಿಸುತ್ತೇನೆ. ಕರೆಂಟ್, ಗ್ಯಾಸ್, ಇಂಟರ್ನೆಟ್ ಯಾರ ಹೆಸರಲ್ಲಿದೆಯೋ ಕಂಪನಿ ಅವರನ್ನೇ ಕೇಳುತ್ತದೆ. ಹೊರಡುವ ದಿನದ ಮೀಟರ್ ಫೋಟೊ ಇರಲಿ. ಇಂಟರ್ನೆಟ್‌ಗೆ ಅದರದ್ದೇ ಅವಧಿ ಇರುತ್ತದೆ, ಹೆಸರು ಬದಲಾಯಿಸಿಯೇ ಹೋಗಿ.

ಗ್ಯಾರಂಟಿ ಹಾಕಿದವರ ವಿಷಯ ಮಾತ್ರ ನಿಧಾನವಾಗಿ ಹೇಳಬೇಕು. ವಿದ್ಯಾರ್ಥಿಗಳು ಮನೆ ಹಿಡಿಯುವಾಗ ಕೆಲವು ಕಡೆ ಅಪ್ಪ ಅಮ್ಮನ ಹತ್ತಿರ ಜಾಮೀನು ಸಹಿ ಹಾಕಿಸಿಕೊಳ್ಳುತ್ತಾರೆ. ಮಗಳ ರೂಮಿನ ಬಾಡಿಗೆಗೆ ಸಹಿ ಹಾಕಿದ್ದೀವಿ ಅಂತ ಅವರು ಅಂದುಕೊಂಡಿರುತ್ತಾರೆ. ಕಾಗದ ಓದಿದರೆ ಎಷ್ಟೋ ಸಲ ಇಡೀ ಮನೆಯ ಬಾಡಿಗೆಗೆ ಹೊಣೆ ಅಂತ ಇರುತ್ತದೆ. ಮಗಳು ಮನೆ ಬಿಟ್ಟ ಮೇಲೂ ಆ ಸಹಿ ಅಲ್ಲೇ ಇರುತ್ತದೆ. ಹಾಗಾಗಿ ನಿಮ್ಮ ಹೆಸರು ತೆಗೆಸುವ ದಿನವೇ ಜಾಮೀನನ್ನೂ ರದ್ದು ಮಾಡಿದ್ದೇನೆ ಅಂತ ಓನರ್‌ನಿಂದ ಬರೆಸಿಕೊಳ್ಳಿ. ದಯವಿಟ್ಟು ಮರೆಯಬೇಡಿ. ನಿಮ್ಮ ಅಪ್ಪನಿಗೆ ಮುಖವೇ ಗೊತ್ತಿಲ್ಲದ ಹುಡುಗನ ಬಾಡಿಗೆ ಕೇಳಿಕೊಂಡು ಫೋನ್ ಬರಬಾರದು.

ಈಗ ನಿಮ್ಮ ನಿಮ್ಮಲ್ಲಿನ ಮಾತು. ಓನರ್ ದೊಡ್ಡ ಮನಸ್ಸು ಮಾಡಿ "ನಿನ್ನನ್ನು ಬಿಟ್ಟಿದ್ದೇನೆ ಹೋಗಪ್ಪ" ಅಂದರು ಅಂತಿಟ್ಟುಕೊಳ್ಳಿ. ಅಲ್ಲಿಗೆ ಮುಗಿಯಿತಾ? ಅದೇ ಕರಾರು ಕಾಯ್ದೆಯ 44ನೇ ಸೆಕ್ಷನ್ ಮುಗಿಯಲಿಲ್ಲ ಅನ್ನುತ್ತದೆ. ಜಂಟಿಯಾಗಿ ಮಾತು ಕೊಟ್ಟವರಲ್ಲಿ ಒಬ್ಬನನ್ನು ಬಿಡುಗಡೆ ಮಾಡಿದರೆ ಉಳಿದವರ ಹೊಣೆ ಹೋಗುವುದಿಲ್ಲ, ಬಿಡುಗಡೆಯಾದವನು ತನ್ನ ಜೊತೆಗಾರರಿಗೆ ಕೊಡಬೇಕಾದ ಹೊಣೆಯಿಂದಲೂ ಬಿಡುಗಡೆ ಆಗುವುದಿಲ್ಲ. ನನಗೆ ಇದನ್ನು ಮೊದಲ ಸಲ ಓದಿದಾಗ ಆಶ್ಚರ್ಯ ಆಯಿತು, ಆಮೇಲೆ ಸರಿ ಅನ್ನಿಸಿತು. ಓನರ್‌ಗೆ ಕೊಟ್ಟ ಮಾತು ಒಂದು, ಒಂದೇ ಮನೆಯಲ್ಲಿ ಇರೋಣ ಅಂತ ಗೆಳೆಯರಿಗೆ ಕೊಟ್ಟ ಮಾತು ಇನ್ನೊಂದು. ಎರಡಕ್ಕೂ ಎರಡು ಕಾಗದ ಬೇಕು.

ಗೆಳೆಯರ ನಡುವಿನ ಕಾಗದ ಅಂದ ಕೂಡಲೇ ಮುಖ ಸಣ್ಣ ಮಾಡಬೇಡಿ. ವಕೀಲರ ಭಾಷೆ ಬೇಕಿಲ್ಲ. ನಾನು ಒಬ್ಬರಿಗೆ ಬರೆದುಕೊಟ್ಟದ್ದನ್ನು ಓದುತ್ತೇನೆ: "ನಾನು ಈ ತಿಂಗಳ ಕೊನೆಯ ದಿನ ಮನೆ ಬಿಡುತ್ತೇನೆ. ನನ್ನ ಜಾಗಕ್ಕೆ ಯಾರಾದರೂ ಬರುವವರೆಗೆ, ಇಲ್ಲವೇ ಎರಡು ತಿಂಗಳವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ನನ್ನ ಪಾಲಿನ 40 ಕೊಡುತ್ತೇನೆ. ಆಮೇಲಿನ ಬಾಡಿಗೆ ಉಳಿದವರು ನೋಡಿಕೊಳ್ಳುತ್ತಾರೆ. ಡಿಪಾಸಿಟ್‌ನಲ್ಲಿ ನನ್ನ ಪಾಲು ಚಿಲಕದ ಖರ್ಚು ಕಳೆದು ಇಷ್ಟು, ಅದನ್ನು ಹೊಸಬರು ಬಂದ ದಿನ ಕೊಡುತ್ತಾರೆ. ಬೀಗದ ಕೈ ಇವತ್ತು ಕೊಟ್ಟಿದ್ದೇನೆ." ಮೂವರ ಸಹಿ, ತಾರೀಖು. ಅಷ್ಟೇ. ಇದು ಓನರ್‌ನನ್ನು ಕಟ್ಟಿಹಾಕುವುದಿಲ್ಲ, ಅವರು ಬೇಕಿದ್ದರೆ ಇನ್ನೂ ಯಾರನ್ನಾದರೂ ಕೇಳಬಹುದು. ಆದರೆ ಹಾಗೆ ಕೇಳಿದಾಗ ಯಾರು ಯಾರಿಗೆ ಎಷ್ಟು ತುಂಬಿಕೊಡಬೇಕು ಅನ್ನೋದಕ್ಕೆ ವಾದ ಇರುವುದಿಲ್ಲ.

ಬೀಗದ ಕೈ ಅಂದ ಕೂಡಲೇ ನೆನಪಾಯಿತು. ಜಗಳ ಮಾಡಿಕೊಂಡು ಹೋದ ಅಂತ ಉಳಿದವರು ಬೀಗ ಬದಲಾಯಿಸಿಬಿಡುತ್ತಾರೆ. ಅವನ ಹೆಸರು ಅಗ್ರಿಮೆಂಟಿನಲ್ಲಿ ಇರುವವರೆಗೆ ಆ ಮನೆಗೆ ಬರುವ ಹಕ್ಕು ಅವನಿಗೂ ಇರುತ್ತದೆ. ಬೀಗ ಹಾಕಿ ಹೊರಗಿಟ್ಟರೆ ತಪ್ಪು ನಿಮ್ಮದಾಗುತ್ತದೆ, ಒಳಗಿರೋಕೂ ಬಿಡದೆ ಬಾಡಿಗೆ ಕೇಳೋಕೆ ಬಾಯೂ ಇರುವುದಿಲ್ಲ. ಮೊದಲು ಹೆಸರು ತೆಗೆಸಿ, ಆಮೇಲೆ ಬೀಗ. ಆದರೆ ಒಬ್ಬರು ಹೊಡೆತ, ಬೆದರಿಕೆಗೆ ಹೆದರಿ ಮನೆ ಬಿಡುತ್ತಿದ್ದರೆ ನಾನು ಇಲ್ಲಿಯವರೆಗೆ ಹೇಳಿದ ಕ್ರಮ ಎಲ್ಲ ಪಕ್ಕಕ್ಕೆ. ಮೊದಲು ಅಲ್ಲಿಂದ ಹೊರಗೆ ಬನ್ನಿ. ಕಾಗದ ಆಮೇಲೆ ನೋಡಿಕೊಳ್ಳಬಹುದು. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥವರು ಅವಧಿಗೆ ಮೊದಲೇ ಬಾಡಿಗೆ ಕರಾರಿನಿಂದ ಹೊರಬರೋಕೆ ಕಾನೂನೇ ದಾರಿ ಕೊಟ್ಟಿದೆ. ನೀವಿರುವ ಕಡೆ ಏನಿದೆ ಅಂತ ಉಚಿತ ಕಾನೂನು ನೆರವು ಕೊಡುವವರನ್ನು ಕೇಳಿ.

ಕೊನೆಯದಾಗಿ, ಮುಂದಿನ ಸಾಲಿನ ಆ ಹುಡುಗಿ ಕೇಳಿದ್ದು. ರೂಮ್‌ಮೇಟ್ ಆಗಲೇ ಹೋಗಿಯಾಗಿದೆ, ಕಾಗದ ಇಲ್ಲ, ಫೋನ್ ಎತ್ತುತ್ತಿಲ್ಲ, ಒಂದನೇ ತಾರೀಖು ಹತ್ತಿರ ಬಂತು. ನೋಡಮ್ಮ, ನಿನ್ನ ಪಾಲು ಮಾತ್ರ ಕಟ್ಟಿ ಕೂರಬೇಡ. ಓನರ್ ಅದನ್ನು ನಿಮ್ಮೆಲ್ಲರ ಬಾಕಿ ಅಂತಲೇ ನೋಡುತ್ತಾರೆ, ಖಾಲಿ ಮಾಡಿ ಅಂದರೆ ಅದು ನಿನಗೂ ಸೇರಿ. ಆದಷ್ಟು ಪೂರ್ತಿ ಕಟ್ಟು, ಆಗದಿದ್ದರೆ ತಾರೀಖು ದಾಟುವ ಮೊದಲೇ ಓನರ್‌ಗೆ ಹೋಗಿ ಪರಿಸ್ಥಿತಿ ಹೇಳಿ ಕಂತು ಕೇಳು. ಅವಳ ಪಾಲು ನೀನು ಕಟ್ಟಿದ್ದಕ್ಕೆ ಬ್ಯಾಂಕಿನ ದಾಖಲೆ ಇರಲಿ, ಕೈಯಲ್ಲಿ ದುಡ್ಡು ಕೊಡಬೇಡ, ಕೊಟ್ಟರೆ ರಸೀದಿ ತೆಗೆದುಕೋ. ಅದೇ ದಿನ ಅವಳಿಗೆ ಬರೆ. ಬೈಯಬೇಡ, ಬರೀ ಲೆಕ್ಕ ಬರೆ, ಇಷ್ಟು ನಾನು ಕಟ್ಟಿದ್ದೇನೆ, ಇಷ್ಟು ನಿನ್ನದು, ಇಷ್ಟು ದಿನದಲ್ಲಿ ಕಳಿಸು ಅಂತ. ಹೊಸಬರನ್ನು ಹುಡುಕೋಕೆ ಇವತ್ತಿನಿಂದಲೇ ಶುರು ಮಾಡು, ಬಂದವರ, ಕೇಳಿದವರ ಮೆಸೇಜ್ ಎಲ್ಲ ಇಟ್ಟುಕೋ. ನಷ್ಟ ಕಡಿಮೆ ಮಾಡೋಕೆ ನೀನು ಏನು ಮಾಡಿದೆ ಅಂತ ನಾಳೆ ಯಾರಾದರೂ ಕೇಳಿದರೆ ತೋರಿಸಬೇಕಾಗುತ್ತದೆ. ಅವಳು ಆಮೇಲೂ ಕೊಡದಿದ್ದರೆ ಆ ದುಡ್ಡು ಕೇಳಿ ಕೋರ್ಟಿಗೆ ಹೋಗುವ ಹಕ್ಕು ನಿನಗೆ ಇದ್ದೇ ಇದೆ. ಹೋಗಬೇಕಾ ಬೇಡವಾ ಅನ್ನೋದು ದುಡ್ಡು ಎಷ್ಟು ಅನ್ನೋದರ ಮೇಲೆ. ಅಗ್ರಿಮೆಂಟ್ ಅವಧಿ ಯಾವಾಗ ಮುಗಿಯುತ್ತದೆ ಅಂದೆ, ಮೂರು ತಿಂಗಳಾ? ಹಾಗಾದರೆ ಅದನ್ನು ಹಳೇ ಹೆಸರುಗಳಲ್ಲೇ ಮುಂದುವರಿಸೋಕೆ ಬಿಡಬೇಡ. ಆಚೆ ಬಂದ ಮೇಲೆ ಆ ಕಾಗದ ನನಗೆ ತೋರಿಸು, ಇಬ್ಬರೂ ಕೂತು ಓದೋಣ.